ನೀರು ಹೊತ್ತ ಮೇವು

100 ಕಿಲೋ ಆಲೂಗಡ್ಡೆಯಲ್ಲಿ ಸುಮಾರು 80 ಕಿಲೋ ನೀರೇ ಇರುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಪಿಷ್ಟ. ಆ ಒಣ ಅಂಶವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ದನಕ್ಕೆ ದಕ್ಕುವ ಶಕ್ತಿ ಬಾರ್ಲಿ, ಮೆಕ್ಕೆಜೋಳಗಳಿಗೆ ಹತ್ತಿರವೇ. ಆದರೆ ಒಂದು ಕಿಲೋ ಕಾಳು ಕೊಡುವ ಶಕ್ತಿಗಾಗಿ ನಾಲ್ಕೈದು ಕಿಲೋ ಗಡ್ಡೆ ಹೊರಬೇಕು. ಜಗತ್ತಿನಲ್ಲಿ ಆಲೂಗಡ್ಡೆ ಎಲ್ಲಿ ಮೇವಾಯಿತು, ಎಲ್ಲಿ ಆಗಲಿಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಈ ನೀರಿನ ಭಾರ. ದೂರ ಸಾಗಿಸಿದರೆ ಗಿಟ್ಟುವುದಿಲ್ಲ. ಹೊಲದ ಮಗ್ಗುಲಲ್ಲೇ ಕೊಟ್ಟಿಗೆಯಿದ್ದರೆ ಗಿಟ್ಟುತ್ತದೆ.

ಹಾಗೆ ಗಿಟ್ಟಿಸಿಕೊಂಡವರಲ್ಲಿ ಪೋಲೆಂಡಿನ ರೈತರು ಮುಂದು. 1970ರ ದಶಕದ ಆರಂಭದಲ್ಲಿ ಆ ದೇಶ ವರ್ಷಕ್ಕೆ 5 ಕೋಟಿ ಟನ್ನಿನಷ್ಟು ಆಲೂಗಡ್ಡೆ ಬೆಳೆಯುತ್ತಿತ್ತು. ಅದರಲ್ಲಿ ಅರ್ಧದಷ್ಟು ಹೋಗುತ್ತಿದ್ದುದು ಜಾನುವಾರುಗಳ, ಮುಖ್ಯವಾಗಿ ಹಂದಿಗಳ ಹೊಟ್ಟೆಗೆ. ಹಳ್ಳಿಯ ಮನೆಗಳಲ್ಲಿ ಗಡ್ಡೆ ಬೇಯಿಸಲೆಂದೇ 'ಪಾರ್ನಿಕ್' ಎಂಬ ಹಬೆಪಾತ್ರೆ ಇರುತ್ತಿತ್ತು. ಬೆಂದ ಗಡ್ಡೆಯನ್ನು ಗುಂಡಿಯಲ್ಲಿ ಅದುಮಿ, ಗಾಳಿಯಾಡದಂತೆ ಮುಚ್ಚಿ, ಹುಳಿ ಬರಿಸಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು.

ಹಂದಿಗೆ ಬೇಯಿಸಿಯೇ ಹಾಕಬೇಕೇಕೆ? ಹಸಿ ಆಲೂಗಡ್ಡೆಯ ಪಿಷ್ಟ ದೊಡ್ಡ, ಬಿಗಿಯಾದ ಕಣಗಳಲ್ಲಿ ಅಡಕವಾಗಿರುತ್ತದೆ. ಒಂದೇ ಹೊಟ್ಟೆಯ ಪ್ರಾಣಿಯ ಜೀರ್ಣರಸ ಆ ಕಣಗಳೊಳಗೆ ಸುಲಭವಾಗಿ ಇಳಿಯದು. ಜೊತೆಗೆ ಪ್ರೋಟೀನ್ ಅರಗದಂತೆ ತಡೆಯುವ ಕೆಲವು ವಸ್ತುಗಳೂ ಹಸಿ ಗಡ್ಡೆಯಲ್ಲಿವೆ. ಬೇಯಿಸಿದಾಗ ಕಣಗಳು ಉಬ್ಬಿ ಒಡೆಯುತ್ತವೆ, ಆ ತಡೆಯೂ ಕಳಚುತ್ತದೆ. ಹಸು, ಎಮ್ಮೆಗಳಿಗೆ ಈ ತೊಂದರೆಯಿಲ್ಲ. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹಸಿ ಪಿಷ್ಟವನ್ನೂ ಹುದುಗಿಸಿ ಕರಗಿಸಿಬಿಡುತ್ತವೆ.

ಮನುಷ್ಯರೂ ಹಂದಿಗಳೂ ಒಂದೇ ಬೆಳೆಯನ್ನು ನೆಚ್ಚಿಕೊಂಡರೆ ಏನಾದೀತೆಂಬುದನ್ನು ಮೊದಲ ಮಹಾಯುದ್ಧದ ಜರ್ಮನಿ ಕಂಡಿತು. ಜನರಿಗೆ ಬೇಕಾದ ಆಲೂಗಡ್ಡೆ, ಧಾನ್ಯಗಳನ್ನು ಹಂದಿಗಳು ತಿಂದು ಮುಗಿಸುತ್ತಿವೆ ಎಂಬ ತಜ್ಞರ ಲೆಕ್ಕ ನಂಬಿ 1915ರಲ್ಲಿ ಸುಮಾರು 50 ಲಕ್ಷ ಹಂದಿಗಳನ್ನು ಕಡಿದರು. ಮಾಂಸ ಕೆಲಕಾಲ ಧಾರಾಳವಾಗಿ ಸಿಕ್ಕಿತು. ಆಮೇಲೆ ಕೊಬ್ಬಿಗೂ ಬರ, ಹೊಲಕ್ಕೆ ಗೊಬ್ಬರಕ್ಕೂ ಬರ. ಮರುವರ್ಷ ಅಂಗಮಾರಿ ರೋಗ ಆಲೂಗಡ್ಡೆ ಬೆಳೆಯನ್ನೇ ಹಾಳುಗೆಡವಿತು. ಆ ಚಳಿಗಾಲ ಜನ ಟರ್ನಿಪ್ ಗಡ್ಡೆ ತಿಂದು ದಿನ ದೂಡಿದರು. ಮೇವು ಮತ್ತು ಆಹಾರ ಎರಡನ್ನೂ ಕಾಗದದ ಮೇಲಿನ ಕೂಡು-ಕಳೆಯಾಗಿ ಮಾತ್ರ ನೋಡಿದ್ದಕ್ಕೆ ಸಾಮಾನ್ಯ ಜನ ತೆತ್ತ ಬೆಲೆ ಅದು.

ಪೋಲೆಂಡಿನ ಪಾರ್ನಿಕ್‌ಗಳು ಈಗ ಬಹುಪಾಲು ತಣ್ಣಗಾಗಿವೆ. ಬೇಯಿಸಲು ಕಲ್ಲಿದ್ದಲು ಬೇಕು, ಆಳು ಬೇಕು. ಒಣಗಿದ ಮೆಕ್ಕೆಜೋಳಕ್ಕೂ ಸೋಯಾ ಹಿಂಡಿಗೂ ಆ ರಗಳೆಯಿಲ್ಲ. ಚೀಲದಿಂದ ನೇರ ಗೋದಲೆಗೆ ಬೀಳುತ್ತವೆ. ಆ ದೇಶದ ಆಲೂಗಡ್ಡೆ ಉತ್ಪಾದನೆ ಈಗ ವರ್ಷಕ್ಕೆ 1 ಕೋಟಿ ಟನ್ನಿಗೂ ಕಡಿಮೆ.

ಇದೇ ಹೊತ್ತಿಗೆ ಬೇರೆ ಕಡೆಗಳಲ್ಲಿ ಆಲೂಗಡ್ಡೆ ಕಾರ್ಖಾನೆಯ ಹಿಂಬಾಗಿಲಿನಿಂದ ಕೊಟ್ಟಿಗೆ ಸೇರತೊಡಗಿತ್ತು. ನೆದರ್‌ಲೆಂಡ್ಸಿನ ಫ್ರೆಂಚ್ ಫ್ರೈ ಘಟಕಗಳು ಗಡ್ಡೆಯ ಸಿಪ್ಪೆಯನ್ನು ಬಿಸಿ ಹಬೆಯಿಂದ ಬಿಡಿಸುತ್ತವೆ. ಸಿಪ್ಪೆಗಂಟಿದ ಪಿಷ್ಟ ಆಗಲೇ ಬೆಂದಿರುವುದರಿಂದ ಆ ಗಂಜಿ ಹಂದಿಗಳಿಗೆ ಒಗ್ಗುತ್ತದೆ. ಅಮೆರಿಕದ ಐಡಾಹೋದಲ್ಲಿ ಮಾಂಸದ ದನಗಳ ದೊಡ್ಡ ದೊಡ್ಡಿಗಳು ಈ ಕಾರ್ಖಾನೆಗಳ ಉಳಿಕೆಯನ್ನು ಬಳಸಿಕೊಂಡೇ ಬೆಳೆದಿವೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲೂ ಮಾರುಕಟ್ಟೆಗೆ ಸಲ್ಲದ ಗಡ್ಡೆಗಳು ದನಗಳ ಪಾಲು. ಎಲ್ಲ ಕಡೆಯೂ ನಿಯಮ ಅದೇ: ನೀರು ತುಂಬಿದ ಮೇವು ಹುಟ್ಟಿದಲ್ಲೇ ಖರ್ಚಾಗಬೇಕು.

ಭಾರತ 5 ಕೋಟಿ ಟನ್ನಿಗೂ ಮಿಗಿಲಾಗಿ ಆಲೂಗಡ್ಡೆ ಬೆಳೆಯುತ್ತದೆ, ಬಹುಪಾಲನ್ನು ಜನರೇ ತಿನ್ನುತ್ತಾರೆ. ಅದು ಸರಿಯೇ. ಆದರೆ ಬೆಲೆ ಬಿದ್ದ ವರ್ಷ ಉತ್ತರಪ್ರದೇಶ, ಪಂಜಾಬುಗಳಲ್ಲಿ ರೈತರು ಗಡ್ಡೆಯನ್ನು ರಸ್ತೆಗೆ ಸುರಿಯುವುದನ್ನು ಕಂಡಾಗ ಸಂಕಟವಾಗುತ್ತದೆ. ನಮ್ಮ ಹಾಸನದ ಆಲೂಗಡ್ಡೆ ಮಳೆಗಾಲದ ಬೆಳೆ, ಹಸಿಯಾಗಿ ಕೈಗೆ ಬರುತ್ತದೆ, ಬಹುಕಾಲ ಇಡಲಾಗದು. ತೀರ ಸಣ್ಣ ಗಡ್ಡೆ, ಕೀಳುವಾಗ ಸೀಳಿದ ಗಡ್ಡೆ ಪ್ರತಿ ಹೊಲದಲ್ಲೂ ಉಳಿಯುತ್ತವೆ. ಅದೇ ಊರಿನಲ್ಲಿ ಹಾಲಿನ ಡೇರಿಯಿದೆ, ಮನೆಯಂಗಳದಲ್ಲಿ ರಾಗಿಹುಲ್ಲಿನ ಬಣವೆಯಿದೆ. ಗಡ್ಡೆಯಲ್ಲಿ ನೀರು ಹೆಚ್ಚು, ಹುಲ್ಲಿನಲ್ಲಿ ನಾರು ಹೆಚ್ಚು. ಎರಡೂ ಜೊತೆಯಾಗಲು ಲಾರಿ ಬಾಡಿಗೆ ಬೇಕಿಲ್ಲ.

ಎಚ್ಚರ ಮಾತ್ರ ಬೇಕೇ ಬೇಕು. ಬಿಸಿಲಿಗೆ ಹಸಿರಾದ, ಮೊಳಕೆಯೊಡೆದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಹೆಚ್ಚುತ್ತದೆ. ಬೇಯಿಸಿದರೂ ಅದು ಹೋಗದು. ಅಂಗಮಾರಿಯಿಂದ ಕೊಳೆತದ್ದನ್ನು ದನಕ್ಕೆ ಹಾಕಲೇಬಾರದು. ಇಡೀ ಗಡ್ಡೆ ನುಂಗಿದ ಹಸುವಿನ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ ತೇಗು ಹೊರಬರದೆ ಹೊಟ್ಟೆಯುಬ್ಬರಿಸಿ, ಗಂಟೆಗಳಲ್ಲಿ ಪ್ರಾಣಕ್ಕೇ ಕುತ್ತು. ಆದ್ದರಿಂದ ಮಣ್ಣು ತೊಳೆದು, ಸಣ್ಣಗೆ ಹೆಚ್ಚಿಯೇ ಹಾಕಬೇಕು. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಒಂದೆರಡು ಕಿಲೋದಿಂದ ಮೊದಲುಮಾಡಿ ವಾರ ಹತ್ತು ದಿನಗಳಲ್ಲಿ ನಿಧಾನವಾಗಿ ಏರಿಸುತ್ತ, ಹಾಲು ಕರೆಯುವ ದೊಡ್ಡ ಹಸುವಿಗೆ ದಿನಕ್ಕೆ 10 ಕಿಲೋ ಆಸುಪಾಸಿನಲ್ಲಿ ನಿಲ್ಲಿಸುವುದು ಕ್ಷೇಮ. ಪ್ರೋಟೀನ್ ಕಡಿಮೆಯಿರುವ ಮೇವಾದ್ದರಿಂದ ಹಿಂಡಿ ಬಿಡುವಂತಿಲ್ಲ. ಸುಗ್ಗಿಯಲ್ಲಿ ಮಿಕ್ಕಿದ್ದನ್ನು ಹೆಚ್ಚಿ, ನಾಲ್ಕು ಪಾಲಿಗೆ ಒಂದು ಪಾಲು ಕತ್ತರಿಸಿದ ಒಣಹುಲ್ಲು ಬೆರೆಸಿ, ಗಾಳಿ ಹೊರಹೋಗುವಂತೆ ತುಳಿದು ಮುಚ್ಚಿಟ್ಟರೆ ರಸಮೇವಾಗುತ್ತದೆ. ಗಡ್ಡೆ ಬಿಡುವ ನೀರನ್ನು ಹುಲ್ಲು ಹೀರಿಕೊಳ್ಳುತ್ತದೆ, ಹಸಿರು ಮೇವು ತೀರಿದ ಬೇಸಿಗೆಗೆ ಅದು ಒದಗುತ್ತದೆ.