ಫೀಲ್ಡ್ ಮಾರ್ಷಲ್ ಮುತೋನಿಯ ಮುಡಿ

ಎಪ್ಪತ್ತು ವರ್ಷ! ಕೀನ್ಯಾದ ಮುತೋನಿ ವಾ ಕಿರಿಮಾ ಎಂಬ ಅಜ್ಜಿಯ ಜಟೆಗೆ ಹೆಚ್ಚುಕಡಿಮೆ ಅಷ್ಟು ವಯಸ್ಸಾಗಿತ್ತು. 1950ರ ದಶಕದ ಆರಂಭದಲ್ಲಿ ಕಾಡು ಸೇರಿದಾಗ ಬಿಟ್ಟ ಕೂದಲು. ಅದಕ್ಕೆ ಕತ್ತರಿ ಬಿದ್ದದ್ದು 2022ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಒಂದು ಸಾಮ್ರಾಜ್ಯವೇ ಗಂಟುಮೂಟೆ ಕಟ್ಟಿಕೊಂಡು ಹೋಗಿತ್ತು!

ಮುತೋನಿ ಸಾಮಾನ್ಯ ಅಜ್ಜಿಯಲ್ಲ. ಬ್ರಿಟಿಷರ ವಿರುದ್ಧ ಬಂಡೆದ್ದ ಮೌ ಮೌ ಪಡೆಯಲ್ಲಿ ಫೀಲ್ಡ್ ಮಾರ್ಷಲ್ ಪದವಿಗೇರಿದ ಒಬ್ಬಳೇ ಹೆಂಗಸು. 1952ರ ಅಕ್ಟೋಬರ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿದ ಮೇಲೆ ಅಬರ್ಡೇರ್ ಬೆಟ್ಟಗಳ, ಮೌಂಟ್ ಕೀನ್ಯಾದ ಕಾಡುಗಳೇ ಈ ಪಡೆಯ ಮನೆಮಠ. ಬಾಚಣಿಗೆ ಎಲ್ಲಿಂದ ಬರಬೇಕು? ಮಳೆ, ಚಳಿ, ಬೆವರು, ಮರದಡಿಯ ನಿದ್ದೆ; ಕೂದಲು ತನ್ನಷ್ಟಕ್ಕೆ ಹೊಸೆದುಕೊಂಡಿತು. ನಾಯಕ ದೆದಾನ್ ಕಿಮಾಥಿ ಸೆರೆಸಿಕ್ಕಾಗಿನ ಚಿತ್ರ ನೋಡಿ: ನೆಲಕ್ಕೊರಗಿದ ಮನುಷ್ಯ, ತಲೆತುಂಬ ಜಟೆ. 1957ರ ಫೆಬ್ರುವರಿ 18ರಂದು ಅವನನ್ನು ಗಲ್ಲಿಗೇರಿಸಿದರು.

1963ರ ಡಿಸೆಂಬರ್‌ನಲ್ಲಿ ಸ್ವಾತಂತ್ರ್ಯ ಬಂತು, ಮುತೋನಿ ಕಾಡಿನಿಂದ ಹೊರಬಂದಳು. ಇನ್ನು ಬಾಚಣಿಗೆಗೂ ಬರವಿಲ್ಲ, ಕ್ಷೌರದ ಕತ್ತಿಗೂ ಬರವಿಲ್ಲ. ಆದರೂ ತೆಗೆಸಲಿಲ್ಲ! ಸ್ವಾತಂತ್ರ್ಯದ ಫಲ ಹೋರಾಡಿದವರ ಕೈಗೆ ಸಿಗುವ ತನಕ ಜಟೆ ಇರಲಿ ಎಂದುಬಿಟ್ಟಳು. ಮೈ ಜುಮ್ಮೆಂದದ್ದು ನನಗೆ ಇಲ್ಲಿ. ಇದು ಹರಕೆ ಅಲ್ಲವೇ! ಮಗು ಹುಷಾರಾದರೆ ಮುಡಿ ಕೊಡುತ್ತೇನೆಂದು ನಮ್ಮವರು ತಿರುಪತಿಗೋ ಧರ್ಮಸ್ಥಳಕ್ಕೋ ಹೊತ್ತುಕೊಳ್ಳುತ್ತಾರಲ್ಲ, ಹಾಗೆಯೇ. ಇವಳ ಹರಕೆ ಮಾತ್ರ ಸರ್ಕಾರದ ಮೇಲೆ! ಸವದತ್ತಿ ಯಲ್ಲಮ್ಮನ ಸೀಮೆಯಲ್ಲಿ ಕೂದಲು ಜಡೆಗಟ್ಟಿದರೆ ದೇವಿಯೇ ಬಂದಳೆಂದು ಹೆದರಿ, ಬೇಡವೆಂದರೂ ಹೊತ್ತು ತಿರುಗಿದ ಹೆಣ್ಣುಮಕ್ಕಳೆಷ್ಟೋ. ಮುತೋನಿಗೆ ಯಾರ ಭಯವೂ ಇರಲಿಲ್ಲ.

ಇನ್ನೊಂದು ಸೋಜಿಗ ಕೇಳಿ. ತಲೆಯ ಒಂದೊಂದು ಕೂದಲೂ ಎರಡರಿಂದ ಏಳು ವರ್ಷ ಬೆಳೆದು ಉದುರುತ್ತದೆ; ದಿನಕ್ಕೆ 50ರಿಂದ 100 ಉದುರುವುದು ಸಹಜ. ನಮ್ಮದು ಬಾಚಣಿಗೆಯ ಪಾಲು, ಬಚ್ಚಲಿನ ಪಾಲು. ಜಟೆಯಲ್ಲಿ ಉದುರಿದ್ದು ಎಲ್ಲಿಗೂ ಹೋಗುವುದಿಲ್ಲ! ಸುರುಳಿ ಸುರುಳಿಯಾದ ಕೂದಲು ಪಕ್ಕದವಕ್ಕೆ ತೊಡರಿ ಅಲ್ಲೇ ಉಳಿಯುತ್ತದೆ, ಬುಡದಿಂದ ಹೊಸದು ಬಂದು ಅದಕ್ಕೆ ಹೆಣೆದುಕೊಳ್ಳುತ್ತದೆ. ಬಿಡಿ ಕೂದಲಿಗಿರುವ ಉದ್ದದ ಮಿತಿ ಜಟೆಗೆ ಇಲ್ಲದಿರುವುದು ಇದರಿಂದಲೇ. ಅಂದರೆ, ತುದಿ ಸವೆದು ಹೋಗದಿದ್ದರೆ, ಮುತೋನಿಯ ಜಟೆಯ ಕೆಳತುದಿಯಲ್ಲಿದ್ದದ್ದು ಕಾಡಿನ ದಿನಗಳ ಕೂದಲು! ಮೇಲಕ್ಕೆ ಬೆರಳಾಡಿಸಿದರೆ ವರ್ಷ ವರ್ಷವೂ ಸಿಗಬೇಕು: ಗುಂಡಿನ ಸದ್ದು, ಕಾಡಿನಲ್ಲೇ ಕಳೆದುಕೊಂಡ ಗರ್ಭ, ಧ್ವಜ ಏರಿದ ರಾತ್ರಿ, ಆಮೇಲಿನ ಉದ್ದನೆಯ ಕಾಯುವಿಕೆ.

ಕಾಯುವಿಕೆ ಎಷ್ಟು ಉದ್ದವೆಂದರೆ, ತುರ್ತು ಪರಿಸ್ಥಿತಿಯಲ್ಲಿ ಚಿತ್ರಹಿಂಸೆಗೊಳಗಾದ 5,228 ಮಂದಿಗೆ ಬ್ರಿಟನ್ 1 ಕೋಟಿ 99 ಲಕ್ಷ ಪೌಂಡ್ ಪರಿಹಾರ ಒಪ್ಪಿದ್ದು 2013ರಲ್ಲಿ! ಅದಕ್ಕಿಂತ ವಿಚಿತ್ರ, ಸ್ವತಂತ್ರ ಕೀನ್ಯಾದ ಶಾಲೆಯೊಂದು ಜಟೆ ಬಿಡುವುದನ್ನೇ ವ್ರತವಾಗಿ ಪಾಲಿಸುವ ರಾಸ್ತಾಫರಿ ಪಂಥದ ಹುಡುಗಿಯೊಬ್ಬಳನ್ನು ಜಟೆಯ ಕಾರಣಕ್ಕೆ ಮನೆಗೆ ಕಳಿಸಿದ್ದು. 2019ರಲ್ಲಿ ಹೈಕೋರ್ಟ್ ಅವಳ ಪರ ನಿಲ್ಲಬೇಕಾಯಿತು. ಕಿಮಾಥಿಯ ಪ್ರತಿಮೆಗೆ ಜಟೆ ಇದ್ದರೆ ಅಡ್ಡಿಯಿಲ್ಲ, ಹುಡುಗಿಗೆ ಇರಬಾರದು!

ಕೊನೆಗೆ ಕತ್ತರಿ ಹಿಡಿದದ್ದು ಮಾಮಾ ಎಂಗಿನಾ ಕೆನ್ಯಾಟ್ಟಾ, ಮೊದಲ ಅಧ್ಯಕ್ಷರ ಪತ್ನಿ, ಆಗಿನ ಅಧ್ಯಕ್ಷರ ತಾಯಿ. ತುರ್ತು ಪರಿಸ್ಥಿತಿಯಲ್ಲಿ ತಾನೂ ಸೆರೆಮನೆ ಕಂಡಾಕೆ. ದೇಶದಲ್ಲಿ ಚರ್ಚೆಯೋ ಚರ್ಚೆ. ಎಷ್ಟೋ ಹೋರಾಟಗಾರರಿಗೆ ಇನ್ನೂ ತುಂಡು ನೆಲ ಸಿಕ್ಕಿಲ್ಲ, ಹರಕೆ ತೀರಿತೆಂದು ಹೇಳುವವರು ಯಾರು ಎಂದು ಹಲವರು ಸಿಡುಕಿದರು. ನನ್ನನ್ನು ಕೇಳಿದರೆ ಅವರ ಸಿಟ್ಟು ನ್ಯಾಯವೇ. ಆದರೆ ಹೊತ್ತ ತಲೆ ಮುತೋನಿಯದು, ಇಳಿಸುವ ದಿನವೂ ಅವಳದೇ. ಮುಂದಿನ ವರ್ಷ, 2023ರ ಸೆಪ್ಟೆಂಬರ್‌ನಲ್ಲಿ ಆಕೆ ತೀರಿಕೊಂಡಳು.