ನಿಮಗಿದು ಗೊತ್ತೇ? ಕಾಳಗ ನೋಡುವವರು, ಭಯ ನೋಡುವವರು

ಯುದ್ಧದ ಕಥೆ, ಎದೆ ನಡುಗಿಸುವ ಕಥೆ ಎಂದರೆ ಈಗ ಮೊಬೈಲು, ಓಟಿಟಿ ನೆನಪಾಗುತ್ತದೆ. ಅಲೆವೂರು, ಮಣಿಪಾಲ, ಕಾಪು, ಕಾರ್ಕಳದ ಕಡೆಯವರು ಈ ಎರಡು ಬಗೆಯ ಕಥೆಗಳನ್ನೂ ಕೊಯ್ಲಾದ ಗದ್ದೆಯಲ್ಲಿ ಕುಳಿತು ಯಕ್ಷಗಾನದಲ್ಲಿ ನೋಡಿದವರು. ಯಕ್ಷಗಾನ ಮೇಳಗಳ ಪ್ರಸಂಗಗಳ ಹೆಸರೇ ಸಾಕ್ಷಿ: ಅಭಿಮನ್ಯು ಕಾಳಗ, ಕೃಷ್ಣಾರ್ಜುನ ಕಾಳಗ, ಬಭ್ರುವಾಹನ ಕಾಳಗ, ಗದಾಯುದ್ಧ.

ಈ ಕಾಳಗಗಳಲ್ಲಿ ಒಂದು ತೊಟ್ಟು ರಕ್ತವಿಲ್ಲ, ಸೈನ್ಯವೂ ಇಲ್ಲ. ಭಾಗವತರ ಪದ, ಚೆಂಡೆಯ ಪೆಟ್ಟು, ಬಡಗುತಿಟ್ಟಿನ ಮಂಡಿಕುಣಿತ, ತೆಂಕುತಿಟ್ಟಿನ ಧೀಂಗಿಣ, ಇಷ್ಟರಲ್ಲೇ ಕುರುಕ್ಷೇತ್ರ ಮುಗಿಯುತ್ತದೆ. ಸತ್ತ ಪಾತ್ರ ಎದ್ದು ವೇಷ ಕಟ್ಟುವ ಚೌಕಿಗೆ ನಡೆದರೂ ಅಭಿಮನ್ಯುವಿಗಾಗಿ ಅತ್ತವರ ಕಣ್ಣೀರು ಆರಿರುವುದಿಲ್ಲ. ಕೋಟಿಗಟ್ಟಲೆ ಸುರಿದು ತೆಗೆದ ಎಷ್ಟೋ ಯುದ್ಧಚಿತ್ರಗಳು ಈ ಸಂಕಟದ ಹತ್ತಿರಕ್ಕೂ ಬರುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹತ್ತಿರ ಬಂದ ಕನ್ನಡ ಚಿತ್ರ ‘ಮುತ್ತಿನ ಹಾರ’. 1990ರಲ್ಲಿ ರಾಜೇಂದ್ರ ಸಿಂಗ್ ಬಾಬು ನಿರ್ದೇಶಿಸಿದ ಇದರಲ್ಲಿ ವಿಷ್ಣುವರ್ಧನ್ ಕೊಡವ ಯೋಧ. ಗೆದ್ದ ರಣರಂಗಕ್ಕಿಂತ ಯೋಧನ ಮನೆ ತೆತ್ತ ಬೆಲೆಯೇ ಅದರಲ್ಲಿ ದೊಡ್ಡದು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಯುದ್ಧದಲ್ಲಿ ಮಡಿದವರು ತುಳುನಾಡಿನಲ್ಲಿ ಆರಾಧನೆ ಪಡೆದಿದ್ದಾರೆ. ಎಣ್ಮೂರಿನ ಕಾಳಗದಲ್ಲಿ ಬಿದ್ದ ವೀರ ಸಹೋದರರಾದ ಕೋಟಿ-ಚೆನ್ನಯರಿಗೆ ಊರೂರಲ್ಲಿ ಗರಡಿಗಳಿವೆ, ಪಾಡ್ದನಗಳಿವೆ, ತುಳು ಸಿನಿಮಾವೂ ಇದೆ.

ಇನ್ನು ಭಯ. ದೇವಿಮಹಾತ್ಮೆ ಪ್ರಸಂಗದ ಮಹಿಷಾಸುರ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವವನಲ್ಲ. ದೂರದ ಕತ್ತಲಿನಿಂದ ಹೊರಟು, ದೊಂದಿಯ ಬೆಳಕಿನಲ್ಲಿ, ಎರಚಿದ ರಾಳ ಭಗ್ಗೆಂದು ಹೊತ್ತಿಕೊಳ್ಳುತ್ತಿರುವಾಗ, ಜನರ ನಡುವಿನಿಂದಲೇ ಬರುತ್ತಾನೆ. ನಿದ್ದೆಗಣ್ಣಿನ ಮಕ್ಕಳು ಅಮ್ಮನ ಸೆರಗಿಗೆ ಮುಖ ಒತ್ತಿಕೊಳ್ಳುತ್ತಾರೆ. ಕಾಲಮಿತಿಯ ಆಟಗಳು ಹೆಚ್ಚಿದ ಮೇಲೆ ಈ ಪ್ರವೇಶ ಬೇಗ ಆಗಿಬಿಡುತ್ತದೆ. ಅನುಕೂಲವೇನೋ ಹೌದು, ಆದರೆ ನಡುರಾತ್ರಿ ದಾಟಿದ ಮೇಲಿನ ಮಹಿಷನ ಗತ್ತೇ ಬೇರೆ.

ಭೂತದ ಹೆಸರು ನಮ್ಮ ಕಡೆಯ ಸಿನಿಮಾಕ್ಕೂ ಹೊಸದಲ್ಲ. ಕೋಟದ ಸಾಹಿತಿ ಶಿವರಾಮ ಕಾರಂತರು ಮೂಕಿಚಿತ್ರಗಳನ್ನೂ ತೆಗೆದಿದ್ದರು. 1930ರ ಆಸುಪಾಸಿನ ಆ ಚಿತ್ರಗಳಲ್ಲಿ ಒಂದರ ಹೆಸರು ‘ಡೊಮಿಂಗೊ’, ಇನ್ನೊಂದು ‘ಭೂತರಾಜ್ಯ’!

ಕಟ್ಟುಕಥೆಗೆ ಸಾಕ್ಷ್ಯಚಿತ್ರದ ವೇಷ ತೊಡಿಸಿ ಹೆದರಿಸುವ ಜಾಣ್ಮೆಯೂ ಒಂದಿದೆ. ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ಕಾಡಿನಲ್ಲಿ ಕಾಣೆಯಾದ ವಿದ್ಯಾರ್ಥಿಗಳ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಎಂದು ಹೇಳಿಕೊಂಡು ಬಂತು. ಎಷ್ಟೋ ಜನ ನಂಬಿದರು. ಕನ್ನಡದಲ್ಲಿ ಅದೇ ದಾರಿ ಹಿಡಿದದ್ದು 2013ರ ‘6-5=2’. ಚಾರಣ ಹೋದ ಆರು ಗೆಳೆಯರ ಕಥೆ. ಹೆದರಿಸಲಿ, ಸಂತೋಷ, ಆದರೆ ನಿಜವಾಗಿ ನಡೆದದ್ದು ಎಂದು ನಂಬಿಸುವುದು ನನಗೆ ಒಪ್ಪಿಗೆಯಿಲ್ಲ.

ನಿಜ ಯುದ್ಧದ ಚಿತ್ರಗಳಲ್ಲೂ ನಿಜಕ್ಕೆ ನಟನೆಯ ಬೆರಕೆ ಹೊಸದಲ್ಲ. 1916ರ ಬ್ರಿಟಿಷ್ ಸಾಕ್ಷ್ಯಚಿತ್ರ ‘ದಿ ಬ್ಯಾಟಲ್ ಆಫ್ ದಿ ಸೋಮ್’ನಲ್ಲಿ ಸೈನಿಕರು ಕಂದಕದಿಂದ ಮೇಲೆದ್ದು ಮುನ್ನುಗ್ಗುವ ಪ್ರಸಿದ್ಧ ದೃಶ್ಯ ನಟನೆ. ಅದೇ ಚಿತ್ರದ ಹೆಣಗಳು ಮಾತ್ರ ನಿಜ.

1930ರಲ್ಲಿ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಬರ್ಲಿನ್ನಿನಲ್ಲಿ ತೆರೆಕಂಡಾಗ ನಾಜಿಗಳು ಚಿತ್ರಮಂದಿರದೊಳಗೆ ಇಲಿ ಬಿಟ್ಟು ಪ್ರದರ್ಶನ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಅದಕ್ಕೆ ನಿಷೇಧ ಬಿತ್ತು. ಯುದ್ಧವನ್ನು ಹೊಗಳದ ಯುದ್ಧಚಿತ್ರಕ್ಕೆ ಅಷ್ಟು ಹೆದರಿದ್ದರು.

ಕೊನೆಗೆ ಮುಖ್ಯವಾದದ್ದು. ಕುಂದಾಪುರದ ಕೆರಾಡಿಯ ರಿಷಬ್ ಶೆಟ್ಟಿಯವರ, ದೈವದ ಕಥೆಯ ‘ಕಾಂತಾರ’ (2022) ಹೊರಗಿನ ಅನೇಕರ ಕಣ್ಣಿಗೆ ಭಯಾನಕ ಚಿತ್ರ. ಅದರಲ್ಲಿನ ರಿಷಬ್ ನಟನೆಗೆ ರಾಷ್ಟ್ರಪ್ರಶಸ್ತಿಯೂ ಸಂದಿತು. ನಮ್ಮೂರಿನವರಿಗೆ ದೈವ ಹೆದರಿ ಓಡಬೇಕಾದ ಪಿಶಾಚಿಯಲ್ಲ. ಮನೆಯ ಜಗಳ, ಜಾಗದ ತಕರಾರು ಹೇಳಿಕೊಂಡು ನ್ಯಾಯ ಕೇಳುವುದು ಅದರ ಎದುರಿನಲ್ಲೇ. ದೈವದ ಕೋಲ ಕಟ್ಟುವವರು ಒಪ್ಪಿಗೆಯ ಎಣ್ಣೆಬೂಳ್ಯ ಪಡೆದು, ನೇಮನಿಷ್ಠೆಯಿಂದ ಕಾಲಿಗೆ ಗಗ್ಗರ ಕಟ್ಟುತ್ತಾರೆ. ಚಿತ್ರ ನೋಡಿದ ಉತ್ಸಾಹಕ್ಕೆ ಕೆಲವರು ಥಿಯೇಟರಿನಲ್ಲೇ ದೈವದ ವೇಷ ಹಾಕಿ ಕೂಗಿದರು. 2025ರ ಅಕ್ಟೋಬರಿನಲ್ಲಿ ‘ಕಾಂತಾರ ಚಾಪ್ಟರ್ 1’ ಬಂದಾಗಲೂ ಅದೇ ಆಯಿತು. ಹೀಗೆ ಮಾಡಬೇಡಿ ಎಂದು ನಿರ್ಮಾಪಕರೇ ಕೇಳಿಕೊಳ್ಳಬೇಕಾಯಿತು. ಓದುಗರಲ್ಲಿ ನನ್ನ ವಿನಂತಿಯೂ ಅದೇ: ಸಿನಿಮಾಕ್ಕೆ ಬೇಕಾದಷ್ಟು ಚಪ್ಪಾಳೆ ಹೊಡೆಯಿರಿ, ದೈವದ ಅನುಕರಣೆ ಮಾತ್ರ ಬೇಡ.