ದೀಪದ ನಂತರ ಒಲೆ

ಮನೆಗೆ ವಿದ್ಯುತ್ತು ಬಂತೆಂದರೆ ದೀಪ ಬಂತೆಂದೇ ನಮ್ಮಲ್ಲಿ ಬಹುಕಾಲ ಅರ್ಥವಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಪಡೆದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಅದು ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಬಡವನ ಗುಡಿಸಲನ್ನು ಮುಟ್ಟಲು ಇನ್ನೂ ಹಲವು ದಶಕಗಳು ಬೇಕಾದವು. ಭಾಗ್ಯಜ್ಯೋತಿ ಯೋಜನೆಯ ಒಂಟಿ ಬಲ್ಬು ಸೀಮೆಎಣ್ಣೆಯ ಬುಡ್ಡಿಯನ್ನು ಮೂಲೆಗೆ ಸರಿಸಿತು. ಅಡುಗೆಮನೆಯ ಬೆಂಕಿ ಮಾತ್ರ ಹಾಗೆಯೇ ಉಳಿಯಿತು. ಮುಂದೆ ಅನಿಲದ ಸಿಲಿಂಡರು ಬಂದ ಮನೆಗಳಲ್ಲಿ ಹೊಗೆ ತೊಲಗಿತಾದರೂ ನೆಲದಾಳದ ಇಂಧನದ ಹಂಗು ತೊಲಗಲಿಲ್ಲ. ನಮ್ಮ ದೇಶ ಬಳಸುವ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ.

ಈಗ ಒಲೆಯ ಸರದಿ. ಇಂಡಕ್ಷನ್ ಒಲೆಯಲ್ಲಿ ಜ್ವಾಲೆಯಿಲ್ಲ. ಅದರ ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಸುರುಳಿಯೊಂದಿದೆ. ಅದರಲ್ಲಿ ಅತಿ ವೇಗವಾಗಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ಪಾತ್ರೆಯ ತಳದಲ್ಲಿಯೇ ಶಾಖವನ್ನು ಹುಟ್ಟಿಸುತ್ತದೆ. ಇದಕ್ಕೆ ಅಯಸ್ಕಾಂತ ಅಂಟುವಂಥ ಪಾತ್ರೆಯೇ ಬೇಕು. ಬರಿಯ ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳು ಒದಗುವುದಿಲ್ಲ. ಅನಿಲದ ಒಲೆಯ ಶಾಖದಲ್ಲಿ ಸುಮಾರು ಅರ್ಧದಷ್ಟು ಸುತ್ತಲ ಗಾಳಿಗೆ ಸೇರಿ ವ್ಯರ್ಥವಾಗುತ್ತದೆ. ಇಲ್ಲಿ ನೂರರಲ್ಲಿ ಎಂಬತ್ತು ಪಾಲಿನಷ್ಟು ಅಡುಗೆಗೇ ಸಲ್ಲುತ್ತದೆ.

ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ವಿದ್ಯುತ್ತು ಸ್ವತಃ ಇಂಧನವಲ್ಲ, ಶಕ್ತಿಯನ್ನು ಹೊತ್ತು ತರುವ ವಾಹಕ. ಕಲ್ಲಿದ್ದಲನ್ನು ಉರಿಸುವ ಶಾಖೋತ್ಪನ್ನ ಕೇಂದ್ರದಲ್ಲಿ ಆ ಶಾಖದ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಅದರಿಂದ ಅನ್ನ ಬೇಯಿಸಿದರೆ ನಾವು ಮಾಡಿದ್ದು ಮನೆಯ ಬೆಂಕಿಯನ್ನು ದೂರದ ರಾಯಚೂರಿಗೆ ಸಾಗಿಸಿದಷ್ಟೇ. ಅದೇ ವಿದ್ಯುತ್ತು ಶರಾವತಿಯ ನೀರಿನಿಂದಲೋ ಪಾವಗಡದ ಸೌರಫಲಕಗಳಿಂದಲೋ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಅಲ್ಲಿಯೂ ಋಣವಿಲ್ಲದೆ ಇಲ್ಲ: ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡವರು ನಾಡಿನ ಬೆಳಕಿಗಾಗಿ ತೆತ್ತ ಬೆಲೆಯನ್ನು ಮರೆಯಲಾಗದು.

ಹೊತ್ತಿನ ತೊಡಕೂ ಒಂದಿದೆ. ಸೂರ್ಯನ ಪ್ರತಾಪ ನಡುಹಗಲಿನದು. ನಮ್ಮ ಒಲೆ ಉರಿಯುವುದು ಬೆಳಿಗ್ಗೆ ಮತ್ತು ರಾತ್ರಿ. ಆದುದರಿಂದ ಹಗಲಿನ ವಿದ್ಯುತ್ತನ್ನು ಬ್ಯಾಟರಿಗಳಲ್ಲಿ ಕೂಡಿಡಬೇಕು. ಇಲ್ಲವೆ ಅದರಿಂದ ನೀರನ್ನು ಮೇಲಿನ ಜಲಾಶಯಕ್ಕೆತ್ತಿ ರಾತ್ರಿ ಇಳಿಸಬೇಕು. ಸ್ನಾನದ ನೀರಿಗೆ ಇಷ್ಟು ಕಷ್ಟವಿಲ್ಲ. ಮಾಳಿಗೆಯ ಮೇಲಿನ ಸೌರ ಜಲತಾಪಕ ಬಿಸಿಲನ್ನು ವಿದ್ಯುತ್ತಾಗಿಸದೆ ನೇರವಾಗಿ ಶಾಖವಾಗಿಯೇ ಹಿಡಿದು, ಮರುದಿನ ಬೆಳಗಿನವರೆಗೆ ಕಾಪಾಡುತ್ತದೆ. ಸೌರಶಕ್ತಿಗೆ ಬದಲಾಗಲು ಅನುಕೂಲವಿರುವ ಮನೆಯಲ್ಲಿ ಮೊದಲ ಹೆಜ್ಜೆ ಬಚ್ಚಲಿನಿಂದಲೇ ಆಗಬಹುದು.

ಕೊನೆಯದಾಗಿ ತಂತಿಯ ಮಾತು. 1,600 ವಾಟಿನ ಒಂದು ಒಲೆ 40 ವಾಟಿನ ನಲವತ್ತು ಬಲ್ಬುಗಳಿಗೆ ಸಮ. ಒಂಟಿ ಬಲ್ಬಿಗೆಂದು ಎಳೆದ ತೆಳುವಾದ ತಂತಿ ಈ ಹೊರೆಯನ್ನು ತಾಳದು. ಬಿಸಿಯೇರಿ ಮನೆಗೇ ಅಪಾಯ ತರಬಹುದು. ಒಲೆಯನ್ನು ಹಂಚುವುದು ಸುಲಭ. ಅದನ್ನು ತಾಳುವ ತಂತಿಯನ್ನೂ ಪರಿವರ್ತಕವನ್ನೂ ಹಳ್ಳಿಯ ಕಡೆಯ ಮನೆಯವರೆಗೆ ಒಯ್ಯುವುದು ಕಷ್ಟದ ಕೆಲಸ. ಆ ಕೆಲಸವಾಗದಿದ್ದರೆ ಉಳ್ಳವರು ಅನಿಲದಿಂದ ಬಿಡುಗಡೆ ಹೊಂದುವರು. ಬಡವರು ಏರುವ ಬೆಲೆಯ ಸಿಲಿಂಡರಿಗೋ ಹಳೆಯ ಸೌದೆಗೋ ಕಟ್ಟುಬಿದ್ದಿರುವರು.